ನ್ಯೂಸ್‌ಗ್ರೂಪ್ ಓದಲು ನಾನು ಮಾಡಿಕೊಂಡ ಏರ್ಪಾಡು

ಯೂಸ್‌ನೆಟ್ ಎಂದರೆ ನ್ಯೂಸ್‌ಗ್ರೂಪ್ ಎಂಬ ವಿಷಯವಾರು ಗುಂಪುಗಳಲ್ಲಿ ಬರೆದು ಓದುವ ಹಳೆಯ ಚರ್ಚಾಜಾಲ. ಗೂಗಲ್ ಗ್ರೂಪ್ಸ್ ಮೂಲಕ ಅದನ್ನು ಓದುತ್ತಿದ್ದವರಿಗೆ 2024ರ ಫೆಬ್ರವರಿ 22ರಂದು ಆ ದಾರಿ ಮುಚ್ಚಿತು. ಹಳೆಯ ಪೋಸ್ಟುಗಳನ್ನು ಹುಡುಕಬಹುದು, ಹೊಸವು ಬರುವುದಿಲ್ಲ. ನ್ಯೂಸ್‌ಗ್ರೂಪುಗಳೇ ನಿಂತುಹೋದವು ಎಂದು ಪುಣೆಯ ಕನ್ನಡದ ಗೆಳೆಯರು ಹಲವರು ತಿಳಿದಿದ್ದರು. ನಿಂತಿಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೊದಲಾದ ಈ ವ್ಯವಸ್ಥೆಗೆ ಒಬ್ಬ ಯಜಮಾನನಿಲ್ಲ. ಒಂದು ಸರ್ವರಿಗೆ ಕೊಟ್ಟ ಪೋಸ್ಟು ಪಕ್ಕದ ಸರ್ವರಿಗೆ, ಅಲ್ಲಿಂದ ಮುಂದಿನದಕ್ಕೆ ಹೋಗುತ್ತದೆ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನ ತೊಡಕುಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ನಾನು ಬಳಸುವುದು ಎಟರ್ನಲ್ ಸೆಪ್ಟೆಂಬರ್ ಎಂಬ ಉಚಿತ ಸರ್ವರ್. ಅಲ್ಲಿ ಬರಿಯ ಪಠ್ಯದ ಗುಂಪುಗಳು; ಮಾತಿಗೆ ಅಷ್ಟು ಸಾಕು. ಓದುವುದಕ್ಕೆ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶ. ಪ್ಯಾನ್ ಕೂಡ ಒಳ್ಳೆಯದೇ, ಟರ್ಮಿನಲ್ ರೂಢಿಯಿದ್ದವರಿಗೆ ಎಸ್‌ಎಲ್‌ಆರ್‌ಎನ್ ಇದೆ. ಆದರೆ ಮೊದಲ ಸಲ ಕೈಹಾಕುವವರಿಗೆ ನಾನು ಹೇಳುವುದು ಥಂಡರ್‌ಬರ್ಡನ್ನೇ.

ಖಾತೆ ಸೇರಿಸುವಾಗ ಇಮೇಲ್ ಅಲ್ಲ, ನ್ಯೂಸ್‌ಗ್ರೂಪ್ ಖಾತೆ ಎಂದು ಆರಿಸಬೇಕು. ಮುಖ್ಯವಾಗಿ ಕೇಳುವುದು ಹೆಸರು, ಇಮೇಲ್ ವಿಳಾಸ, ಸರ್ವರಿನ ಹೆಸರು. ವಿಳಾಸದ ಜಾಗದಲ್ಲಿ ನಿಜವಾದದ್ದನ್ನು ಕೊಡಬೇಡಿ. ಪ್ರತಿ ಪೋಸ್ಟಿನ ತಲೆಯಲ್ಲೂ ಅದು ಎಲ್ಲರಿಗೂ ಕಾಣುತ್ತದೆ, ಸ್ಪ್ಯಾಮಿನವರು ಹೆಕ್ಕಿಕೊಳ್ಳುತ್ತಾರೆ. ‘ಡಾಟ್ ಇನ್‌ವ್ಯಾಲಿಡ್’ ಎಂದು ಕೊನೆಯಾಗುವ ವಿಳಾಸ ಹಾಕಿ. ಆ ಕೊನೆಯನ್ನು ಯಾರಿಗೂ ಕೊಡದೆ ಮೀಸಲಿಟ್ಟಿದ್ದಾರೆ.

ಇಷ್ಟಕ್ಕೇ ಬಿಟ್ಟರೆ ಸಂಪರ್ಕ 119ನೇ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಸರ್ವರಿನ ಬಾಗಿಲಿನ ಸಂಖ್ಯೆ), ಗೂಢಲಿಪಿಯಿಲ್ಲದೆ ಆಗುತ್ತದೆ. ಸರ್ವರ್ ಸೆಟ್ಟಿಂಗ್ಸ್‌ಗೆ ಹೋಗಿ ಗೂಢಲಿಪಿಯ ಸಂಪರ್ಕವಾದ ಟಿಎಲ್‌ಎಸ್ ಆರಿಸಿ, ಪೋರ್ಟ್ 563 ಮಾಡಿ. ಅಲ್ಲೇ ‘ಪ್ರತಿ ಸಲವೂ ದೃಢೀಕರಣ ಕೇಳು’ ಎಂಬ ಅರ್ಥದ ಚೌಕವಿದೆ, ಅದಕ್ಕೆ ಗುರುತು ಹಾಕಿ. ಹೊಸಬರು ಬಹುತೇಕ ಎಡವುವುದು ಇಲ್ಲೇ. 480 ಎಂಬ ದೋಷಸಂಖ್ಯೆ ಬಂದರೆ ಲಾಗಿನ್ ಆಗಿಲ್ಲ ಎಂದರ್ಥ; 481 ಬಂದರೆ ಲಾಗಿನ್ ಒಪ್ಪಿತವಾಗಿಲ್ಲ, ಪಾಸ್‌ವರ್ಡ್ ನೋಡಿ; 411 ಬಂದರೆ ಆ ಹೆಸರಿನ ಗುಂಪು ಆ ಸರ್ವರಿನಲ್ಲಿಲ್ಲ.

ಗುಂಪಿನ ಹೆಸರನ್ನು ಎಡದಿಂದ ಬಲಕ್ಕೆ ಓದಬೇಕು. ‘ಕಾಂಪ್’ ಎಂದರೆ ಕಂಪ್ಯೂಟರ್, ‘ಲ್ಯಾಂಗ್’ ಎಂದರೆ ಭಾಷೆ, ಆಮೇಲೆ ‘ಸಿ’. ಶುರುವಿಗೆ ಮೂರು ನಾಲ್ಕು ಗುಂಪು ಸಾಕು. ಮೊದಲ ಸಲ ತೆರೆದಾಗ 500ಕ್ಕಿಂತ ಹೆಚ್ಚು ಶೀರ್ಷಿಕೆಗಳಿದ್ದರೆ ಎಷ್ಟು ಇಳಿಸಲಿ ಎಂದು ಥಂಡರ್‌ಬರ್ಡ್ ಕೇಳುತ್ತದೆ. 500ಕ್ಕೇ ಒಪ್ಪಿ, ಉಳಿದವನ್ನು ಓದಿದವು ಎಂದು ಗುರುತಿಸಿಬಿಡಿ. ‘ಎನ್’ ಒತ್ತಿದರೆ ಓದದ ಮುಂದಿನ ಪೋಸ್ಟು. ಜಗಳದ ಎಳೆಯ (ಒಂದು ಪೋಸ್ಟು, ಅದರ ಉತ್ತರಗಳ ಸರಣಿ) ಮೇಲೆ ನಿಂತು ‘ಕೆ’ ಒತ್ತಿದರೆ ಆ ಎಳೆ ಪೂರ್ತಿ ಕಣ್ಮರೆ. ಈ ‘ಕೆ’ ಕೀಲಿಯಷ್ಟು ನೆಮ್ಮದಿ ಕೊಡುವುದು ಇನ್ನೊಂದಿಲ್ಲ.

ಓದಿದ್ದು ಯಾವುದು, ಓದದ್ದು ಯಾವುದು ಎಂಬ ಲೆಕ್ಕ ಸರ್ವರಿನಲ್ಲಿರುವುದಿಲ್ಲ, ನಿಮ್ಮ ಯಂತ್ರದಲ್ಲಿರುತ್ತದೆ. ನ್ಯೂಸ್‌ಆರ್‌ಸಿ ಎಂಬ ಸಾದಾ ಪಠ್ಯದ ಕಡತ: ಗುಂಪಿನ ಹೆಸರು, ಕೋಲನ್, ಓದಿದ ಪೋಸ್ಟುಗಳ 1-21000 ಎಂಬಂಥ ಸಂಖ್ಯೆ. ಈ ಸಂಖ್ಯೆ ಆಯಾ ಸರ್ವರಿನ ಸ್ವಂತದ್ದು. ಅದೇ ಪೋಸ್ಟಿಗೆ ಇನ್ನೊಂದು ಸರ್ವರಿನಲ್ಲಿ 4000 ಇರಬಹುದು. ಹಳೆಯ ಕಡತವನ್ನೇ ಹೊಸ ಸರ್ವರಿಗೆ ಹಚ್ಚಿದರೆ ಬರುವ ಪೋಸ್ಟುಗಳೆಲ್ಲ 21000 ದಾಟುವವರೆಗೆ ‘ಓದಿದವು’ ಆಗಿ ಅಡಗಬಹುದು, ಗುಂಪು ಸತ್ತಂತೆ ಕಾಣುತ್ತದೆ. ಕೋಲನ್ ಮುಂದಿನ ಸಂಖ್ಯೆಗಳನ್ನು ಅಳಿಸಿದರೆ ಸರಿಹೋಗುತ್ತದೆ. ಥಂಡರ್‌ಬರ್ಡಿನಲ್ಲಿ ಸರ್ವರಿಗೊಂದು ಬೇರೆ ಖಾತೆ ಮಾಡಿದರೆ ಈ ಗೋಜೇ ಇಲ್ಲ.

ಪುಣೆಯಿಂದ ಮುಂಬೈಗೆ ರೈಲಿನಲ್ಲಿ ಹೋಗುವಾಗ ಲೋಣಾವಳಾ ದಾಟಿ ಕರ್ಜತ್ ಸೇರುವವರೆಗೆ ಘಾಟಿಯ ಸುರಂಗಗಳಲ್ಲಿ ಸಿಗ್ನಲ್ ಸಿಗದು. ಶೀರ್ಷಿಕೆಗಳು ಕಾಣುತ್ತವೆ, ತೆರೆದರೆ ಒಳಗೆ ಖಾಲಿ, ಏಕೆಂದರೆ ಮೊದಲು ಇಳಿಯುವುದು ಶೀರ್ಷಿಕೆ ಮಾತ್ರ. ಮನೆ ಬಿಡುವ ಮುಂಚೆ ಗುಂಪುಗಳನ್ನು ಆಫ್‌ಲೈನ್ ಬಳಕೆಗೆ ಆರಿಸಿ, ಫೈಲ್ ಮೆನುವಿನ ಆಫ್‌ಲೈನ್‌ನಲ್ಲಿ ಡೌನ್‌ಲೋಡ್ ಒತ್ತುತ್ತೇನೆ. ಬರಿಯ ಪಠ್ಯವಾದ್ದರಿಂದ ಬೇಗ ಮುಗಿಯುತ್ತದೆ.

ಕನ್ನಡದಲ್ಲಿ ಬರೆಯುವಾಗ ಎಚ್‌ಟಿಎಂಎಲ್ (ಅಕ್ಷರಾಲಂಕಾರದ ವಿನ್ಯಾಸ) ಆಯ್ಕೆಯನ್ನು ತೆಗೆದುಹಾಕಿ, ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಇರಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಕುಟ್ಟಿದ್ದನ್ನು ಯೂನಿಕೋಡಿಗೆ ತಿರುಗಿಸದೆ ಅಂಟಿಸಿದರೆ ಎದುರಿನವರಿಗೆ ಕಾಣುವುದು ಚಿತ್ರವಿಚಿತ್ರ ಲ್ಯಾಟಿನ್ ಗುರುತುಗಳು. ಸಾಲು ಮುರಿಯದ ಉದ್ದ ಪ್ಯಾರಾ ಕೂಡ ಬೇಡ. ಒಂದು ಸಾಲಿಗೆ ಮಿತಿ 998 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಜಾಗ ಸಾಕು; ‘ಕ’ ಒಂದಕ್ಕೇ ಮೂರು ಬೈಟ್, ‘ಕ್ಷ’ಕ್ಕೆ ಒಂಬತ್ತು. ಹೀಗಾಗಿ ಇಂಗ್ಲಿಷಿನವರು ಮುಟ್ಟದ ಮಿತಿಯನ್ನು ನಾವು ಮೂರನೇ ಒಂದು ಉದ್ದಕ್ಕೇ ಮುಟ್ಟುತ್ತೇವೆ.

ಉತ್ತರ ಬರೆಯುವುದು ಉದ್ಧರಿಸಿದ ಸಾಲಿನ ಕೆಳಗೆ, ಬೇಡದ ಸಾಲುಗಳನ್ನು ಕತ್ತರಿಸಿ. ಸಹಿಯ ಮುಂಚೆ, ಬೇರೆ ಸಾಲಿನಲ್ಲಿ, ಎರಡು ಅಡ್ಡಗೆರೆ (--), ಅದರ ಬೆನ್ನಿಗೇ ಒಂದು ಖಾಲಿ ಜಾಗ. ಆ ಖಾಲಿ ಜಾಗವಿದ್ದರಷ್ಟೇ ತಂತ್ರಾಂಶ ಸಹಿಯನ್ನು ಗುರುತಿಸಿ ಉತ್ತರದಿಂದ ಕೈಬಿಡುತ್ತದೆ. ಮೊದಲ ಪೋಸ್ಟು ಪರೀಕ್ಷೆಗೆಂದೇ ಇರುವ ‘ಮಿಸ್ಕ್.ಟೆಸ್ಟ್’ ಗುಂಪಿಗೆ ಹೋಗಲಿ. ಒಮ್ಮೆ ಸರ್ವರಿನಿಂದ ಸರ್ವರಿಗೆ ಹರಡಿದ್ದನ್ನು ಎಲ್ಲ ಕಡೆಯಿಂದ ವಾಪಸ್ ತರಲಾಗದು.