ಒಂದು ರಾತ್ರಿಯ ಬಯಲಾಟ: ಹೊರಗಿನಿಂದ ಬಂದವರು ನೋಡುವುದು ಹೇಗೆ?

ಮಂಗಳೂರಿಗೆ ಬರುವ ಪ್ರವಾಸಿಗರು ಪಣಂಬೂರಿನಲ್ಲಿ ಸೂರ್ಯಾಸ್ತ ನೋಡುತ್ತಾರೆ, ಐಸ್‌ಕ್ರೀಂ ತಿನ್ನುತ್ತಾರೆ, ಹತ್ತು ಗಂಟೆಗೆ ಲಾಡ್ಜ್ ಸೇರಿ ‘ಈ ಊರಲ್ಲಿ ರಾತ್ರಿ ಏನೂ ಇಲ್ಲ’ ಎನ್ನುತ್ತಾರೆ. ಅದೇ ಹೊತ್ತಿಗೆ ಪೇಟೆಯಿಂದ ಸ್ವಲ್ಪ ದೂರದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಚೆಂಡೆಗೆ ಪೆಟ್ಟು ಬಿದ್ದು ಬಯಲಾಟ, ಎಂದರೆ ಬಯಲಿನಲ್ಲಿ ಆಡುವ ಯಕ್ಷಗಾನ, ಶುರುವಾಗಿರುತ್ತದೆ. ಯಕ್ಷಗಾನ ನೋಡಲೆಂದೇ ಬಂದವರಲ್ಲೂ ಅನೇಕರು ಅರ್ಧ ಗಂಟೆ ಮೊಬೈಲ್ ಹಿಡಿದು ನಿಂತು, ಕಥೆ ಕಳೆಕಟ್ಟುವ ಮೊದಲೇ ಹೊರಟುಬಿಡುತ್ತಾರೆ. ಇದನ್ನು ನೋಡಿ ನೋಡಿ ಬೇಸರವಾಗಿಯೇ ಈ ಲೇಖನ.

ಆಟ ಆರಿಸಿಕೊಳ್ಳಿ

ಯಕ್ಷಗಾನದ ತಂಡಗಳಾದ ಮೇಳಗಳು ದೀಪಾವಳಿ ಕಳೆದ ಮೇಲೆ, ನವೆಂಬರ್ ಹೊತ್ತಿಗೆ ತಿರುಗಾಟಕ್ಕೆ ಹೊರಡುತ್ತವೆ. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ತುಳುವರ ಆಚರಣೆಯ ದಿನ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಈ ಅವಧಿಯಲ್ಲಿ ಎಲ್ಲೆಲ್ಲಿ ಆಟವಿದೆ ಎಂಬುದು ಸ್ಥಳೀಯ ದಿನಪತ್ರಿಕೆಗಳಲ್ಲಿ ಬರುತ್ತದೆ. ಆಟೋ ಚಾಲಕರನ್ನು ಕೇಳಿದರೂ ಗೊತ್ತಾಗುತ್ತದೆ.

ಮಂಗಳೂರಿನ ಸುತ್ತ ತೆಂಕುತಿಟ್ಟು ಎಂಬ ದಕ್ಷಿಣದ ಶೈಲಿ, ಉಡುಪಿಯಿಂದ ಕುಂದಾಪುರದ ಕಡೆಗೆ ಬಡಗುತಿಟ್ಟು ಎಂಬ ಉತ್ತರದ ಶೈಲಿ. ಬಡಗಿನ ಕೇದಗೆ ಮುಂದಲೆ ಎಂಬ ತಲೆಯುಡುಗೆಯ ಸೊಗಸು, ಅದರ ಹೆಜ್ಜೆಗಳ ನಾಜೂಕು ನನಗೂ ಇಷ್ಟ. ಆದರೆ ಮೊದಲ ಸಲ ನೋಡುವವರು ತೆಂಕಿಗೇ ಹೋಗಬೇಕು. ಅದರಲ್ಲೂ ಕಟೀಲು ದುರ್ಗಾಪರಮೇಶ್ವರಿ ದೇವಸ್ಥಾನದ ಮೇಳದ ಹರಕೆಯಾಟ, ಪ್ರಸಂಗ (ಆಡುವ ಕಥೆ) ‘ಶ್ರೀ ದೇವಿ ಮಹಾತ್ಮೆ’ ಸಿಕ್ಕಿದರೆ ಬೇರೆ ಯೋಚನೆ ಬೇಡ. ಕಟೀಲಿನದು ಒಂದೇ ತಂಡವಲ್ಲ, ಒಂದೇ ರಾತ್ರಿ ಹಲವು ಊರುಗಳಲ್ಲಿ ಅದರ ಆಟ ಇರುತ್ತದೆ. ಹರಕೆ ಹೊತ್ತ ಮನೆಯವರು ವರ್ಷಗಟ್ಟಲೆ ಕಾದು ಆಡಿಸುವ ಸೇವೆ ಅದು. ಟಿಕೆಟ್ ಇಲ್ಲ, ಆಮಂತ್ರಣವೂ ಬೇಕಿಲ್ಲ. ಎಷ್ಟೋ ಕಡೆ ಊಟವೂ ಇರುತ್ತದೆ, ಸಂಕೋಚಪಡದೆ ಪಂಕ್ತಿಯಲ್ಲಿ ಕುಳಿತುಕೊಳ್ಳಿ.

ಆಟ ಇಡೀ ರಾತ್ರಿಯದೋ ಕಾಲಮಿತಿಯದೋ ಎಂದು ಮೊದಲೇ ವಿಚಾರಿಸಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದರಿಂದ ಹಲವು ಆಟಗಳು ಈಗ ಸಂಜೆಯೇ ಶುರುವಾಗಿ ಮಧ್ಯರಾತ್ರಿಯೊಳಗೆ ಮುಗಿಯುತ್ತವೆ. ಹಳೆಯ ಲೆಕ್ಕ ಹಿಡಿದು ಹತ್ತು ಗಂಟೆಗೆ ಹೋದರೆ ಮುಕ್ಕಾಲು ಕಥೆ ಕಳೆದುಕೊಳ್ಳುತ್ತೀರಿ.

ರೆಸಾರ್ಟುಗಳ ಊಟದ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ಕುಣಿಸುವ ‘ಯಕ್ಷಗಾನ ಸಂಜೆ’ಗಳಿಗೆ ಹಣ ಕೊಡಬೇಡಿ. ಹಾಡುವ ಭಾಗವತರ ಬದಲು ಧ್ವನಿಮುದ್ರಿಕೆ ಹಾಕಿ ಕುಣಿಸಿದರೆ ಅದು ಯಕ್ಷಗಾನವೇ ಅಲ್ಲ.

ಮೊದಲು ಚೌಕಿಗೆ ಹೋಗಿ

ಆಟಕ್ಕಿಂತ ಒಂದು ಗಂಟೆ ಮುಂಚೆ ತಲುಪಿ. ರಂಗಸ್ಥಳದ ಹಿಂದೆ ಚೌಕಿ, ಎಂದರೆ ವೇಷ ಕಟ್ಟಿಕೊಳ್ಳುವ ಜಾಗ, ಇರುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ದೇವರಿಗೆ ಕೈಮುಗಿದು, ಒಂದು ಬದಿಗೆ ನಿಂತುಕೊಳ್ಳಿ. ಕಲಾವಿದರು ಎರಡು ಸಾಲಿನಲ್ಲಿ ನೆಲದ ಮೇಲೆ ಕುಳಿತು ಕನ್ನಡಿ ಹಿಡಿದು ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ಬಣ್ಣದ ವೇಷದವರನ್ನು, ಎಂದರೆ ರಾಕ್ಷಸ ಪಾತ್ರದವರನ್ನು, ಗಮನಿಸಿ. ಅಕ್ಕಿ ಹಿಟ್ಟು ಮತ್ತು ಸುಣ್ಣ ಕಲಸಿದ ಬಿಳಿಯ ಪಾಕವನ್ನು ಸಣ್ಣ ಕಡ್ಡಿಯಿಂದ ಕೆನ್ನೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಎತ್ತರಿಸುತ್ತಾ ಹೋಗುತ್ತಾರೆ, ಒಂದು ಸಾಲು ಒಣಗಿದ ಮೇಲೆ ಇನ್ನೊಂದು. ಇದಕ್ಕೆ ಚಿಟ್ಟಿ ಇಡುವುದು ಎನ್ನುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ ಅದು, ಮಾತಾಡಿದರೆ ಬಿರುಕು ಬಿಡುತ್ತದೆ. ಹಾಗಾಗಿ ಅವರನ್ನು ಮಾತಿಗೆಳೆಯಬೇಡಿ, ಸೆಲ್ಫಿ ಕೇಳಬೇಡಿ. ಅಂಗಡಿಗಳಲ್ಲಿ ‘ಯಕ್ಷಗಾನದ ಮುಖವಾಡ’ ಎಂದು ಮಾರುವ ಪ್ಲಾಸ್ಟಿಕ್ ಸಾಮಾನು ಕೊಳ್ಳುವ ಮನಸ್ಸಾದರೆ ಈ ಮುಖವನ್ನು ನೆನಪಿಸಿಕೊಳ್ಳಿ.

ಕೂರುವ ಜಾಗ

ಧ್ವನಿವರ್ಧಕದ ಬುಡ ಬೇಡ. ಸಭೆಯ ನಡುವೆ ದಾರಿ ಬಿಟ್ಟಿರುತ್ತಾರೆ, ಅದರ ಪಕ್ಕದಲ್ಲೇ ಕೂರಿ. ಕಾರಣ ಆಮೇಲೆ ಹೇಳುತ್ತೇನೆ.

ಪದ ಮತ್ತು ಅರ್ಥ: ಜನ ಸೋಲುವುದು ಇಲ್ಲೇ

ಮೊದಲ ಅರ್ಧ ಗಂಟೆ ವೇಷ, ಕಿರೀಟ, ಗಿರಗಿರನೆ ಸುತ್ತಿ ಹಾರುವ ಧೀಂಗಿಣ ನೋಡುತ್ತಾ ಸರಿದುಹೋಗುತ್ತದೆ. ಆಮೇಲೆ ಒಬ್ಬರು ನಿಂತಲ್ಲೇ ಹತ್ತು ನಿಮಿಷ ಮಾತಾಡುತ್ತಾರೆ. ಹೊಸಬರು ಆಕಳಿಸುವುದು ಆಗಲೇ. ಹಾಗಾಗದಿರಲು ಆಟದ ಕಟ್ಟನ್ನು ತಿಳಿದಿರಬೇಕು.

ಕಥೆಯ ಚುಕ್ಕಾಣಿ ಭಾಗವತರ ಕೈಯಲ್ಲಿದೆ. ಅವರು ಪದ, ಎಂದರೆ ಹಾಡು, ಹೇಳುತ್ತಾರೆ, ಕಲಾವಿದ ಅದಕ್ಕೆ ಕುಣಿಯುತ್ತಾನೆ. ಪದ ನಿಂತ ಮೇಲೆ ಅದರ ಸಾರವನ್ನೇ ಹಿಡಿದು ತನ್ನ ಮಾತಿನಲ್ಲಿ ಬೆಳೆಸುತ್ತಾನೆ, ಅದೇ ಅರ್ಥ. ಪದ ಬರೆದಿಟ್ಟದ್ದು, ಅರ್ಥ ಬರೆದಿಟ್ಟದ್ದಲ್ಲ. ಎದುರಿನ ಪಾತ್ರ ಏನು ಕೇಳುತ್ತದೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಮಹಿಷಾಸುರ ತಾಯಿ ಮಾಲಿನಿಯ ಮುಂದೆ ನಿಂತಾಗ ಒಬ್ಬ ಕಲಾವಿದ ಅಬ್ಬರಿಸಬಹುದು, ಇನ್ನೊಬ್ಬ ಮಗುವಿನ ಹಾಗೆ ಹಟ ಹಿಡಿಯಬಹುದು. ಎರಡಕ್ಕೂ ಪದ ಒಂದೇ.

ಆದ್ದರಿಂದ ಪದ ಬರುವಾಗ ಕುಣಿತವನ್ನಷ್ಟೇ ನೋಡದೆ ಸಾಹಿತ್ಯಕ್ಕೂ ಕಿವಿ ಕೊಡಿ. ಎರಡೇ ಶಬ್ದ ಹಿಡಿದುಕೊಂಡರೂ ಸಾಕು, ಅರ್ಥ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು ಎಂಬುದು ತಿಳಿಯುತ್ತದೆ. ಮಾತು ಉದ್ದವಾಯಿತು ಎನಿಸಿದರೆ ಭಾಗವತರ ಮುಖ ನೋಡಿ. ಅವರಿಗೆ ಸಾಕೆನಿಸಿದಾಗ ಮುಂದಿನ ಪದ ಎತ್ತುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಮೊಬೈಲಿನಲ್ಲಿ ಕಥೆಯ ಸಾರಾಂಶ ಹುಡುಕುತ್ತಾ ಕೂರುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಮಧು–ಕೈಟಭ, ಮಹಿಷ, ಚಂಡ–ಮುಂಡ, ರಕ್ತಬೀಜ, ಶುಂಭ–ನಿಶುಂಭ ಎಂದು ‘ದೇವಿ ಮಹಾತ್ಮೆ’ಯ ಅಸುರರು ಬರುವ ಕ್ರಮವನ್ನು ಹಗಲಲ್ಲೇ ಓದಿಕೊಂಡು ಬನ್ನಿ. ಉಳಿದದ್ದಕ್ಕೆ ಪಕ್ಕದಲ್ಲಿರುವ ಹಿರಿಯರನ್ನು ‘ಇದು ಯಾರ ವೇಷ?’ ಎಂದು ಕೇಳಿ. ಅವರು ಕಥೆಯ ಜೊತೆಗೆ ಹಿಂದೆ ಆ ಪಾತ್ರವನ್ನು ಯಾರು ಹೇಗೆ ಮಾಡುತ್ತಿದ್ದರು ಎಂಬುದನ್ನೂ ಹೇಳುತ್ತಾರೆ.

ಮಹಿಷಾಸುರ ಬರುವವರೆಗೆ ಏಳಬೇಡಿ

ನಡುವಿನ ದಾರಿ ಇವನಿಗಾಗಿ. ಮಹಿಷಾಸುರ ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ, ಸಭೆಯ ಹಿಂದಿನಿಂದ ಬರುತ್ತಾನೆ. ಇಕ್ಕೆಲಗಳಲ್ಲಿ ದೊಂದಿ (ಪಂಜು) ಹಿಡಿದವರು, ಬೆಂಕಿಗೆ ರಾಳದ ಪುಡಿ ಎರಚಿದಾಗಲೆಲ್ಲ ಭಗ್ಗೆನ್ನುವ ಉರಿ, ಅದರ ನಡುವೆ ಕೋಡು ಹೊತ್ತ ಆ ತಲೆ. ನಿಮ್ಮ ಕುರ್ಚಿಯ ಪಕ್ಕದಲ್ಲೇ ಅವನು ಹಾದುಹೋಗುವಾಗ ಉರಿಯ ಬಿಸಿ ಮುಖಕ್ಕೆ ತಾಗುತ್ತದೆ, ಚೆಂಡೆ ಎದೆಯೊಳಗೆ ಬಾರಿಸಿದಂತಾಗುತ್ತದೆ. ಕಾಲು ಒಳಗೆಳೆದುಕೊಳ್ಳಿ, ಮಕ್ಕಳನ್ನು ಒಳಬದಿಗೆ ಕೂರಿಸಿ. ಫ್ಲ್ಯಾಶ್ ಹಾಕಲೇಬೇಡಿ, ಭಾರದ ವೇಷ ಹೊತ್ತು ನಡೆಯುವವರಿಗೆ ಕಣ್ಣು ಕತ್ತಲಾದರೆ ಹೆಜ್ಜೆ ತಪ್ಪುತ್ತದೆ.

ನಿದ್ದೆ ಬಂದರೆ ಹೊರಗಿನ ಗೂಡಂಗಡಿಯಲ್ಲಿ ಚಹಾ, ಚರುಮುರಿ ಇದ್ದೇ ಇರುತ್ತವೆ. ಹಾಸ್ಯಗಾರರು ರಂಗದಲ್ಲಿದ್ದಾಗ ಮಾತ್ರ ಎದ್ದು ಹೋಗಬೇಡಿ.

ಮಳೆಗಾಲದಲ್ಲಿ ಬಂದವರಿಗೆ

ಮಂಗಳೂರಿನ ಪುರಭವನದಲ್ಲೋ ಉಡುಪಿಯ ಕೃಷ್ಣಮಠದ ರಾಜಾಂಗಣದಲ್ಲೋ ಆಟ, ಇಲ್ಲವೇ ವೇಷ-ಕುಣಿತವಿಲ್ಲದೆ ಕುಳಿತು ಪದ-ಅರ್ಥ ಹೇಳುವ ತಾಳಮದ್ದಳೆ ಇದೆಯೇ ಎಂದು ವಿಚಾರಿಸಿ. ಪರಿಚಯದವರ ಮನೆಯಲ್ಲಿ ಉಳಿದಿದ್ದರೆ ಸಂಜೆ ಮನೆಮನೆಗೆ ಹೋಗಿ ಆಡುವ ಸಣ್ಣ ತಂಡ, ಚಿಕ್ಕಮೇಳವೇ, ಬಾಗಿಲಿಗೆ ಬರಬಹುದು.

ಮರಳುವುದು

ಕಟೀಲು ಮಂಗಳೂರಿನಿಂದ ಸುಮಾರು 26 ಕಿ.ಮೀ., ಆದರೆ ಮೇಳದ ಆಟ ಕಟೀಲಿನಲ್ಲೇ ಇರಬೇಕೆಂದಿಲ್ಲ, ಊರಿನ ಹೆಸರನ್ನು ಸರಿಯಾಗಿ ಕೇಳಿಕೊಳ್ಳಿ. ಕಾಲಮಿತಿ ಆಟವಾದರೆ ಬರುವಾಗಲೇ ಆಟೋದವರೊಂದಿಗೆ ಮರಳುವ ಬಾಡಿಗೆಯನ್ನೂ ಮಾತಾಡಿಕೊಳ್ಳಿ, ಮಧ್ಯರಾತ್ರಿ ಬಸ್ ಇರುವುದಿಲ್ಲ. ಇಡೀ ರಾತ್ರಿಯ ಆಟವಾದರೆ ಆ ಚಿಂತೆಯಿಲ್ಲ: ಕೊನೆಯ ಮಂಗಳ ಪದ ಮುಗಿಸಿ, ಪ್ರಸಾದ ತೆಗೆದುಕೊಂಡು ರಸ್ತೆಗೆ ಬಂದರೆ ಬೆಳಗಿನ ಮೊದಲ ಬಸ್ ಸಿಗುತ್ತದೆ.