‘ನಿರೂಪಕ: ಹೋಗಲಿಲ್ಲ.’ ಒಂದು ಸಾಲಿನ ಮೀಮ್ ಬರೆಯುವುದು ಹೇಗೆ?

ಯಾರೋ ಜಾಲತಾಣದಲ್ಲಿ ‘ನಾಳೆಯಿಂದ ದಿನಾ ಬೆಳಿಗ್ಗೆ ಐದಕ್ಕೇ ಎದ್ದು ಓಡಲು ಹೋಗುತ್ತೇನೆ’ ಎಂದು ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು: ‘ನಿರೂಪಕ: ಹೋಗಲಿಲ್ಲ.’ ನಗು ಉಕ್ಕುವುದು ಈ ಎರಡನೆಯ ಸಾಲಿಗೆ. ಇದರ ಬೇರು ಇರುವುದು ಅಮೆರಿಕದ ‘ಅರೆಸ್ಟೆಡ್ ಡೆವಲಪ್‌ಮೆಂಟ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ. ಅದನ್ನು ಒಂದು ಕಂತೂ ನೋಡದವರು ಇಂದು ಈ ಮಾದರಿಯನ್ನು ಬಳಸುತ್ತಾರೆ. ಆದರೆ ಚೆನ್ನಾಗಿ ಬರೆಯಬೇಕಾದರೆ ಮೂಲದ ಧ್ವನಿಯನ್ನು ಒಮ್ಮೆ ಕೇಳಲೇಬೇಕು.

ಮೊದಲ ಕೆಲಸ ಅದೇ. ಮಿಚೆಲ್ ಹರ್ವಿಟ್ಜ್ ರೂಪಿಸಿದ ಈ ಧಾರಾವಾಹಿ 2003ರ ನವೆಂಬರ್‌ನಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರುವಾಯಿತು. ಕ್ಯಾಲಿಫೋರ್ನಿಯಾದ ಸಿರಿವಂತ ಬ್ಲೂತ್ ಕುಟುಂಬದ ಯಜಮಾನ ಮೊದಲ ಕಂತಿನಲ್ಲೇ ಬಂಧನಕ್ಕೊಳಗಾಗುತ್ತಾನೆ. ಮನೆಮಂದಿಯನ್ನು ಸಂಭಾಳಿಸುವ ಹೊಣೆ ಮಗ ಮೈಕೆಲ್‌ನ ಹೆಗಲಿಗೆ ಬೀಳುತ್ತದೆ. ಸಾಕ್ಷ್ಯಚಿತ್ರದ ಧಾಟಿ, ಕೈಯಲ್ಲೇ ಹಿಡಿದ ಕ್ಯಾಮೆರಾ. ಹಿನ್ನೆಲೆಯಲ್ಲಿ ಮುದ್ರಿತ ನಗುವಿಲ್ಲ. ಇಪ್ಪತ್ತು ನಿಮಿಷ ಚಿಲ್ಲರೆಯ ಕಂತಿನಲ್ಲಿ ಹಲವು ಎಳೆಗಳು ಓಡುವುದರಿಂದ ಅವನ್ನು ಹೊಲಿಯಲು ಒಂದು ಧ್ವನಿ ಬೇಕಿತ್ತು. ನಿರ್ದೇಶನಕ್ಕೆ ಆಗಲೇ ಆಸ್ಕರ್ ಪಡೆದಿದ್ದ, ಧಾರಾವಾಹಿಯ ನಿರ್ಮಾಪಕರಲ್ಲಿ ಒಬ್ಬರೂ ಆಗಿದ್ದ ರಾನ್ ಹೊವಾರ್ಡ್ ಆ ಧ್ವನಿಯಾದರು.

ಅವರು ಯಾರನ್ನೂ ಹೀಯಾಳಿಸುವುದಿಲ್ಲ. ಪಾತ್ರವೊಂದು ಎದೆಯುಬ್ಬಿಸಿ ಏನನ್ನೋ ಸಾರುತ್ತದೆ. ನಿರೂಪಕರು ಹವಾಮಾನ ವರದಿ ಓದುವವರಂತೆ ನಿಜ ಸಂಗತಿಯನ್ನು ಹೇಳಿ ಮುಂದಕ್ಕೆ ಹೋಗುತ್ತಾರೆ. ಈ ನಿರ್ಲಿಪ್ತತೆಯೇ ಮೀಮ್‌ನ ಜೀವಾಳ.

ಎರಡನೆಯದು, ಸರಿಯಾದ ಹೇಳಿಕೆಯನ್ನು ಆರಿಸುವುದು. ಪೂರ್ತಿ ಭರವಸೆಯಿಂದ ಆಡಿದ, ನಿಜವೋ ಸುಳ್ಳೋ ಎಂದು ತಾಳೆ ನೋಡಬಹುದಾದ ಮಾತೇ ಆಗಬೇಕು. ‘ಬಹುಶಃ’, ‘ನೋಡೋಣ’ ಎಂದವರ ಮಾತಿಗೆ ನಿರೂಪಕನ ಅಗತ್ಯವಿಲ್ಲ. ಅಭಿಪ್ರಾಯಕ್ಕೂ ಇದು ಒಗ್ಗುವುದಿಲ್ಲ; ‘ಈ ಸಿನಿಮಾ ಚೆನ್ನಾಗಿದೆ’ ಎಂಬುದಕ್ಕೆ ‘ಚೆನ್ನಾಗಿರಲಿಲ್ಲ’ ಎಂದರೆ ಅದು ಬರೀ ಜಗಳ.

ಮೂರನೆಯದು ಬರವಣಿಗೆ. ಬಹುಪಾಲು ಮೀಮ್‌ಗಳು ಕೆಡುವುದು ಇಲ್ಲಿಯೇ. ಹೇಳಿಕೆಯಲ್ಲಿರುವ ಕ್ರಿಯಾಪದವನ್ನೇ ಎತ್ತಿಕೊಂಡು ಭೂತಕಾಲದ ನಿಷೇಧಕ್ಕೆ ತಿರುಗಿಸಿ: ಹೋಗುತ್ತೇನೆ – ಹೋಗಲಿಲ್ಲ. ಅಲ್ಲಿಗೇ ನಿಲ್ಲಿಸಿ. ‘ಆ ಸೋಮಾರಿ ಎಂದಿನಂತೆ ಹಾಸಿಗೆ ಬಿಟ್ಟು ಏಳಲೇ ಇಲ್ಲ’ ಎಂದು ಬೆಳೆಸಿದರೆ ನಿರೂಪಕನ ಜಾಗಕ್ಕೆ ಚಾಡಿ ಹೇಳುವವನು ಬಂದು ಕೂರುತ್ತಾನೆ. ವಿಶೇಷಣ, ಆಶ್ಚರ್ಯಸೂಚಕ ಚಿಹ್ನೆ, ನಗುವ ಎಮೋಜಿ ಯಾವುದೂ ಬೇಡ.

ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಇಷ್ಟವಾದದ್ದು. ಮಾತನ್ನು ನಿರಾಕರಿಸದೆ ನಿಜಸ್ಥಿತಿಯನ್ನು ಮಾತ್ರ ಹೇಳುವುದು. ‘ಸಿಲ್ಕ್ ಬೋರ್ಡ್ ದಾಟಿದೆ, ಹತ್ತೇ ನಿಮಿಷದಲ್ಲಿ ಅಲ್ಲಿರುತ್ತೇನೆ.’ ನಿರೂಪಕ: ‘ಅವನು ಇನ್ನೂ ಟವೆಲ್ ಹುಡುಕುತ್ತಿದ್ದ.’ ‘ಸುಳ್ಳು’ ಎಂಬ ಮಾತನ್ನು ಎತ್ತದೆಯೇ ಸುಳ್ಳು ಬಯಲಾಯಿತು. ಟವೆಲ್‌ನಂಥ ಕಣ್ಣಿಗೆ ಕಾಣುವ ವಸ್ತು ಒಂದಿದ್ದರೆ ಸಾಲು ಗಟ್ಟಿಯಾಗುತ್ತದೆ.

ನಾಲ್ಕನೆಯದು, ಯಾರ ಮಾತಿಗೆ ಎಂಬುದು. ಅಧಿಕಾರದಲ್ಲಿರುವವರ ಭರವಸೆಗೆ ಬಳಸಿ. ಗಡುವು ಮುಗಿದ ದಿನಾಂಕ ಕೈಯಲ್ಲಿರಲಿ. ನಿಮ್ಮದೇ ಸಂಕಲ್ಪಗಳಿಗೂ ಧಾರಾಳವಾಗಿ ಬಳಸಿ. ಕಾಯಿಲೆ, ಸಾವು, ಕೆಲಸ ಕಳೆದುಕೊಂಡವರ ಆಸೆಯ ಮಾತುಗಳನ್ನು ಮುಟ್ಟಬೇಡಿ. ಅಲ್ಲಿ ಇದು ಕ್ರೌರ್ಯವಾಗುತ್ತದೆ.

ಕೊನೆಯದು, ಸಾಲಿನ ಮುಂದೆ ಯಾರ ಹೆಸರು ಹಾಕಬೇಕೆಂಬ ಪ್ರಶ್ನೆ. 2004ರಲ್ಲಿ ಅತ್ಯುತ್ತಮ ಹಾಸ್ಯ ಸರಣಿಯ ಎಮ್ಮಿ ಪ್ರಶಸ್ತಿ ಗೆದ್ದರೂ ಈ ಧಾರಾವಾಹಿಗೆ ವೀಕ್ಷಕರು ಸಾಲದೆ 2006ರಲ್ಲಿ ಫಾಕ್ಸ್ ಅದನ್ನು ನಿಲ್ಲಿಸಿತು. ಡಿವಿಡಿಯಲ್ಲಿ ಮತ್ತೆ ಮತ್ತೆ ನೋಡಿದವರು ಅದನ್ನು ಉಳಿಸಿಕೊಂಡರು. 2013ರಲ್ಲಿ ನೆಟ್‌ಫ್ಲಿಕ್ಸ್ ಹೊಸ ಕಂತುಗಳನ್ನು ತಂದಿತು. ಅಂಥ ಅಭಿಮಾನಿಗಳು ಟ್ವಿಟರ್‌ನಲ್ಲಿ ‘ರಾನ್ ಹೊವಾರ್ಡ್ ಧ್ವನಿಯಲ್ಲಿ’ ಎಂದು ಆರಂಭಿಸಿ ಬರೆಯುತ್ತಿದ್ದರು. ಆಗ ಒಂದು ಟ್ವೀಟ್‌ಗೆ 140 ಅಕ್ಷರಗಳ ಮಿತಿ. ಗಿಡ್ಡ ಸಾಲಿಗೆ ಅದು ಹೇಳಿಮಾಡಿಸಿದ ಜಾಗ. ‘ನಿರೂಪಕ’ ಎಂದಷ್ಟೇ ಬರೆದಾಗ ಧಾರಾವಾಹಿ ಗೊತ್ತಿಲ್ಲದವರಿಗೂ ಬಾಗಿಲು ತೆರೆಯಿತು. ಕನ್ನಡದಲ್ಲಿ ಬರೆಯುವಾಗಲೂ ಆ ಒಂದು ಪದ, ಎರಡು ಚುಕ್ಕೆ ಸಾಕು. ಪೋಸ್ಟ್ ಮಾಡುವ ಮುನ್ನ ಸಾಲನ್ನು ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ದನಿ ಏರುತ್ತದೋ ಆ ಪದವನ್ನು ಹೊಡೆದುಹಾಕಿ.