ಹಳೇ ಕಾರಿನ ಬ್ರೇಕ್ ಆಯಿಲ್: ಟಾಪ್ ಅಪ್ ಸಾಲದು, ಪೂರ್ತಿ ಬದಲಾಯಿಸಿ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ. ಕೆಳಗೆ ನಿಲ್ಲಿಸಿ ನಿಧಾನವಾಗಿ ಚಾ ಕುಡಿದು ಬಂದರೆ ಮತ್ತೆ ಗಟ್ಟಿ. ಮರುದಿನ ಗ್ಯಾರೇಜಿಗೆ ಒಯ್ದರೆ ಅಲ್ಲಿ ಏನೂ ತೊಂದರೆ ಕಾಣುವುದಿಲ್ಲ, ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಟ್ಯಾಂಕಿಗೆ ಸ್ವಲ್ಪ ಆಯಿಲ್ ಹಾಕಿ ಕಳಿಸುತ್ತಾರೆ. ಹಳೇ ಮಾರುತಿ 800, ಓಮ್ನಿ, ಜೀಪು ಇಟ್ಟುಕೊಂಡವರು ನಮ್ಮಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ, ಎಷ್ಟೋ ಮಂದಿ ಇಷ್ಟಕ್ಕೇ ಸಮಾಧಾನಪಟ್ಟು ಮತ್ತೆ ಘಾಟಿ ಇಳಿಯುವುದನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುತ್ತದಲ್ಲ, ಹಾಗೆ ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಹೋಸ್ ಮೂಲಕ ತೇವ ನುಸುಳುತ್ತದೆ. ಡಾಟ್ ಎಂಬುದು ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಬ್ರೇಕ್ ಒತ್ತಿಕೊಂಡೇ ಘಾಟಿ ಇಳಿದರೆ ಚಕ್ರದ ಹತ್ತಿರದ ಆಯಿಲ್ ಕುದಿದು ಆವಿಯಾಗುತ್ತದೆ, ಒತ್ತಿದರೆ ಆವಿ ಕುಗ್ಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ತಣ್ಣಗಾದ ಮೇಲೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ. ಟ್ಯಾಂಕಿಗೆ ಹೊಸತು ಸುರಿದರೂ ಚಕ್ರದ ಹತ್ತಿರ ಇರುವುದು ಅದೇ ಹಳೇ ಆಯಿಲ್. ಸಿರಿಂಜಿನಲ್ಲಿ ಟ್ಯಾಂಕ್ ಖಾಲಿ ಮಾಡಿ ತುಂಬುವ ಶಾರ್ಟ್‌ಕಟ್ಟೂ ಇಷ್ಟೇ, ದಯವಿಟ್ಟು ನಂಬಬೇಡಿ.

ಯಾವುದು ಕೊಳ್ಳಬೇಕು? ಮುಚ್ಚಳದ ಮೇಲೆ ಡಾಟ್ 3 ಎಂದಿದ್ದರೂ ನಮ್ಮ ರಸ್ತೆಗಳಿಗೆ ಡಾಟ್ 4 ಹಾಕಿ. ಎರಡೂ ಗ್ಲೈಕಾಲ್ ಜಾತಿಯವು, ಬೆರೆತರೂ ಹಾನಿ ಇಲ್ಲ. 5.1 ಕೂಡ ಅದೇ ಜಾತಿ, ಆದರೆ ಹಳೇ ಗಾಡಿಗೆ ಸುಮ್ನೆ ಖರ್ಚು. ಬರೀ 5 ಎಂದು ಬರೆದದ್ದನ್ನು ಮುಟ್ಟಲೇಬೇಡಿ, ಅದು ಸಿಲಿಕೋನ್, ಹಳೆಯದರ ಜೊತೆ ಬೆರೆಯುವುದಿಲ್ಲ. ಇಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಸ್ವಲ್ಪ ಸೇರಿದರೂ ಬ್ರೇಕಿನ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ದೊಡ್ಡ ಕ್ಯಾನಿನಿಂದ ಬಾಟಲಿಗೆ ಸುರಿದು ಕೊಡುವ ಅಂಗಡಿಯಲ್ಲಿ ಕೊಳ್ಳಬೇಡಿ. ಸೀಲ್ ಒಡೆಯದ ಅರ್ಧ ಲೀಟರಿನ ಎರಡು ಡಬ್ಬಿ ಸಣ್ಣ ಕಾರಿಗೆ ಸಾಕು. ಒಡೆದ ಡಬ್ಬಿಯಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ.

ಯಾವಾಗ, ಎಲ್ಲಿ? ಎರಡು ವರ್ಷಕ್ಕೊಮ್ಮೆ, ಮಳೆ ನಿಂತು ಕಾಫಿ ಕೊಯ್ಲು ಶುರುವಾಗುವ ಮೊದಲು, ಬಿಸಿಲಿರುವ ದಿನ. ಜುಲೈ ತಿಂಗಳ ಮಳೆಯಲ್ಲಿ ಮುಚ್ಚಳ ತೆರೆದು ಕೂರುವುದು ಬೇಡ. ಕೊಯ್ಲಿಗೆ ಮೊದಲು ಕಣವೂ ಖಾಲಿ ಇರುತ್ತದೆ, ಸಮತಟ್ಟಾದ ಸಿಮೆಂಟ್ ನೆಲ. ಮುಂದೆ ಅಲ್ಲೇ ಕಾಫಿ ಒಣಗಿಸುವುದರಿಂದ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟು, ಗಾಡಿ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇಟ್ಟಿಗೆ ಬೇಡ, ಒಡೆಯುತ್ತದೆ.

ನಿಪ್ಪಲ್. ಪ್ರತಿ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡಲು ಇರುವ ಪುಟ್ಟ ತೂತಿನ ಸ್ಕ್ರೂ ಇದು. ಕೆಲಸ ಕೆಡುವುದು ಇಲ್ಲೇ. ನಮ್ಮ ಕೆಸರಿಗೆ ನಿಪ್ಪಲಿನ ರಬ್ಬರ್ ಟೋಪಿ ಎಂದೋ ಬಿದ್ದುಹೋಗಿರುತ್ತದೆ, ರಂಧ್ರದಲ್ಲಿ ಮಣ್ಣು, ಬುಡದಲ್ಲಿ ತುಕ್ಕು. ಹಿಂದಿನ ರಾತ್ರಿಯೇ ವೈರ್ ಬ್ರಶ್ಶಿನಲ್ಲಿ ಉಜ್ಜಿ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಅಳತೆಗೆ ಸರಿಯಾದ ರಿಂಗ್ ಸ್ಪ್ಯಾನರ್ ಹಾಕಿ, ಮೊದಲು ಬಿಗಿ ಮಾಡುವ ಕಡೆಗೆ ಒಂದು ಎಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಓಪನ್ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ. ಟ್ಯಾಂಕ್ ಮುಟ್ಟುವ ಮೊದಲೇ ನಾಲ್ಕೂ ನಿಪ್ಪಲ್ ತಿರುಗುತ್ತವೆಯೇ ನೋಡಿ. ಒಂದು ಹಟ ಹಿಡಿದರೂ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಿ. ಅದು ಒಳಗೇ ಮುರಿದರೆ ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರನ್ನೇ ಬದಲಾಯಿಸಬೇಕಾಗಬಹುದು.

ಬ್ಲೀಡಿಂಗ್, ಅಂದರೆ ಹಳೇ ಆಯಿಲ್, ಏರ್ ಹೊರಗೆ ತಳ್ಳುವುದು. ಟ್ಯಾಂಕಿನ ಹಳೇ ಆಯಿಲ್ ಹೀರಿ ತೆಗೆದು ಹೊಸತು ತುಂಬಿ. ಮಾಸ್ಟರ್ ಸಿಲಿಂಡರಿನಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಪಂಪು) ದೂರದ ಚಕ್ರ ಮೊದಲು: ಎಡ ಹಿಂದಿನದು, ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದೇ ಸರಿ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ವರ್ಕ್‌ಶಾಪಿಗೇ ಕೊಡಿ. ಅಕ್ವೇರಿಯಂ ಅಂಗಡಿಯ ತೆಳು ಪಾರದರ್ಶಕ ಪೈಪನ್ನು ನಿಪ್ಪಲಿಗೆ ಸಿಕ್ಕಿಸಿ, ಇನ್ನೊಂದು ತುದಿ ಬಾಟಲಿಯ ಆಯಿಲಿನಲ್ಲಿ ಮುಳುಗಿರಲಿ. ಇಂಜಿನ್ ಆಫ್ ಇರಲಿ, ಮನೆಯವರೊಬ್ಬರು ಡ್ರೈವರ್ ಸೀಟಿನಲ್ಲಿ ಕೂರಲಿ.

ನೀವು “ಒತ್ತು” ಎನ್ನಬೇಕು. ಅವರು ನಿಧಾನವಾಗಿ ಒತ್ತಿ “ಹಿಡಿದಿದ್ದೇನೆ” ಎನ್ನಬೇಕು. ಆಗ ನಿಪ್ಪಲ್ ಕಾಲು ಸುತ್ತು ತೆರೆಯಿರಿ. ಪೆಡಲ್ ಕೆಳಗಿಳಿಯುತ್ತದೆ, ಕಂದು ಆಯಿಲ್ ಪೈಪಿಗೆ ಬರುತ್ತದೆ. ನಿಪ್ಪಲ್ ಮುಚ್ಚಿ, ಆಮೇಲೆ ಮಾತ್ರ “ಬಿಡು” ಎನ್ನಿ. ತೆರೆದಿರುವಾಗಲೇ ಕಾಲು ಎತ್ತಿದರೆ ಏರ್ ಒಳಗೆ ಎಳೆಯುತ್ತದೆ, ಮಾಡಿದ ಕೆಲಸ ಅಷ್ಟೂ ದಂಡ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರಿನಲ್ಲಿ ಪಿಸ್ಟನ್ ದಿನವೂ ಓಡಾಡದ ಜಾಗದಲ್ಲಿ ತುಕ್ಕು ಕೂತಿರುತ್ತದೆ, ನೆಲ ಮುಟ್ಟುವವರೆಗೆ ತುಳಿದರೆ ಸೀಲು ಅಲ್ಲಿಗೆ ಉಜ್ಜಿ ಹರಿಯಬಹುದು.

ಗುಳ್ಳೆ ನಿಂತು, ಪೈಪಿನಲ್ಲಿ ಹೊಸ ಆಯಿಲಿನ ತಿಳಿ ಬಣ್ಣವೇ ಬರುವ ತನಕ ಮಾಡಿ. ನಾಲ್ಕೈದು ಸಲ ಒತ್ತಿದ ಮೇಲೆ ಟ್ಯಾಂಕ್ ನೋಡುತ್ತಿರಿ. ಅದು ಬರಿದಾದರೆ ಏರ್ ಹಿಡಿಯುತ್ತದೆ, ಮತ್ತೆ ಮೊದಲಿನಿಂದ. ಪೇಂಟ್ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ತಡವಾದರೆ ಬಣ್ಣ ಎದ್ದು ಬರುತ್ತದೆ.

ಮುಗಿದ ಮೇಲೆ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹಾಗೇ ನಿಂತರೆ ನಿಪ್ಪಲ್‌ಗಳಲ್ಲಿ ಸೋರಿಕೆ ಇಲ್ಲವೆಂದು ನೋಡಿ, ಮೊದಲು ಕಣದಲ್ಲೇ ನಿಧಾನವಾಗಿ ಓಡಿಸಿ. ಸೋರಿಕೆ ಇಲ್ಲದೆಯೂ ಮೆಲ್ಲಗೆ ಇಳಿಯುತ್ತಲೇ ಇದ್ದರೆ ಹೆಚ್ಚಾಗಿ ಮಾಸ್ಟರ್ ಸಿಲಿಂಡರಿನ ಸೀಲು ಹೋಗಿದೆ. ಅದಕ್ಕೆ ಎಷ್ಟು ಬ್ಲೀಡ್ ಮಾಡಿದರೂ ಪ್ರಯೋಜನವಿಲ್ಲ, ಗಾಡಿ ರಸ್ತೆಗಿಳಿಸದೆ ಮೆಕ್ಯಾನಿಕ್‌ನನ್ನು ಮನೆಗೇ ಕರೆಸಿ. ಹಳೇ ಆಯಿಲನ್ನು ತೋಡಿಗೆ ಸುರಿಯಬೇಡಿ, ಬಾಟಲಿಗೆ ಮುಚ್ಚಳ ಹಾಕಿ ಗ್ಯಾರೇಜಿನವರಿಗೆ ಕೊಡಿ.